ನಾಳೆ ಮಾಸ್ಟರು ಲ್ಯಾಪ್‌ಟಾಪಿಗೆ ಅಳತೆ ತೆಗೆದದ್ದು

ದೇವರು ಕೆಲವರನ್ನು ಈ ಲೋಕಕ್ಕೆ ಕಳುಹಿಸುವಾಗ ನಾಲಿಗೆಯ ಮೇಲೆ ಒಂದೇ ಒಂದು ಮಾತನ್ನು ಇಟ್ಟು ಕಳುಹಿಸುತ್ತಾನೆ. ನಾನು ಇಲ್ಲಿ ಹೇಳಹೊರಟಿರುವ ದರ್ಜಿಗೆ ಆತನು ಇಟ್ಟ ಮಾತು ‘ನಾಳೆ’. ಬಸ್ಸು ನಿಲ್ಲುವ ಮೂಲೆಯಿಂದ ಎಣಿಸಿದರೆ ಮೂರನೆಯ ಬಾಗಿಲು ಅವರ ಅಂಗಡಿ. ಒಳಗೆ ಎರಡು ಹೊಲಿಗೆ ಯಂತ್ರಗಳು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ, ಗಿರಾಕಿಗಳಿಗೆಂದು ಬೆನ್ನಿಲ್ಲದ ಒಂದು ಸ್ಟೂಲು. ಹಿಂದಿನ ಪರದೆ ಸರಿಸಿದರೆ ಅದೇ ಅವರ ಮನೆ.

“ಮಾಸ್ಟ್ರೇ, ನನ್ನ ಕೋಟು ಆಯ್ತಾ?”

“ನಾಳೆ.”

“ನಿನ್ನೇನೂ ಅದೇ ಹೇಳಿದ್ರಿ.”

“ನಿನ್ನೆ ಹೇಳಿದ ನಾಳೆ ಬೇರೆ, ಇವತ್ತು ಹೇಳ್ತಿರೋ ನಾಳೆ ಬೇರೆ. ಸ್ವಲ್ಪ ತಿರುಗಿ, ಬೆನ್ನು ನೋಡೋಣ.”

ಹೀಗಾಗಿ ಬೀದಿ ಅವರಿಗೆ ‘ನಾಳೆ ಮಾಸ್ಟರು’ ಎಂದು ಹೆಸರಿಟ್ಟಿತು. ತಾಯಿತಂದೆಯರು ಇಟ್ಟ ಹೆಸರು ಬಾಗಿಲ ಮೇಲಿನ ಹಲಗೆಯಲ್ಲಿ ಮಾಸಿಹೋಗಿದ್ದರೂ ಅದನ್ನು ಮತ್ತೆ ಬರೆಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ಆದರೆ ಪ್ರಿಯರೇ, ಅವರ ನಾಳೆ ಸೋಮಾರಿಯ ನಾಳೆಯಲ್ಲ. ಹೊಸ ಬಟ್ಟೆ ಬಂದರೆ ಅವರು ಮೊದಲು ಅದನ್ನು ನೀರಿನಲ್ಲಿ ನೆನೆಸುತ್ತಾರೆ; ಕುಗ್ಗುವುದೆಲ್ಲ ಕುಗ್ಗಿ, ನೆರಳಿನಲ್ಲಿ ಒಣಗಿದ ಮೇಲಷ್ಟೇ ಕತ್ತರಿ ಮುಟ್ಟುವುದು. ಅಗಲ ಘೇರಿನ ಲಂಗ ಹೊಲಿದರೆ ಅಂಚು ಮಡಿಸದೆ ಒಂದು ಹಗಲು, ಒಂದು ರಾತ್ರಿ ತೂಗುಹಾಕುತ್ತಾರೆ. “ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಯುತ್ತೆ. ಎಷ್ಟು ಇಳೀಬೇಕು ಅಂತ ಅದೇ ಹೇಳ್ಬೇಕು. ನಾವು ಮೊದಲೇ ಅಂಚು ಮಡಿಸಿಬಿಟ್ರೆ ನಾಲ್ಕು ದಿನಕ್ಕೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ” ಎನ್ನುವುದು ಅವರ ಉಪದೇಶ. ಇನ್ನೊಂದು ನೇಮವೂ ಉಂಟು. ತೊಡುವವರು ಎದುರಿಗೆ ನಿಲ್ಲದೆ ಅವರು ಅಳತೆ ಬರೆದುಕೊಳ್ಳುವುದಿಲ್ಲ. “ನಮ್ಮ ಹುಡುಗಿ ಹೆಚ್ಚೂಕಡಿಮೆ ಇಷ್ಟೆತ್ತರ” ಎಂದು ಕೈ ಎತ್ತಿ ತೋರಿಸಿದ ಎಷ್ಟು ತಂದೆಯರನ್ನು ಅವರು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸಿದ್ದಾರೋ. ಈ ಎರಡು ನೇಮಗಳಲ್ಲಿ ಮೊದಲನೆಯದನ್ನು ಅತಿಯಾಗಿ ಹಿಡಿದು, ಎರಡನೆಯದನ್ನು ಸ್ವಂತ ಮಗಳ ವಿಷಯದಲ್ಲೇ ಮರೆತ ಸಂಗತಿಯನ್ನು ಈಗ ಹೇಳುತ್ತೇನೆ.

ಮದುವೆಯಾಗಿ ಹನ್ನೊಂದು ವರ್ಷ ಪ್ರಾರ್ಥಿಸಿದ ಮೇಲೆ ದೇವರು ಆ ದಂಪತಿಗಳಿಗೆ ಕೊಟ್ಟ ಒಬ್ಬಳೇ ಮಗಳು. ಹೊಲಿಗೆ ಯಂತ್ರದ ಸದ್ದಿಗೆ ಮಲಗಿ, ಅದು ನಿಂತರೆ ಎಚ್ಚರಗೊಳ್ಳುತ್ತಿದ್ದ ಕೂಸು. ಆ ಮಗಳಿಗೆ ಸಂಖ್ಯಾಶಾಸ್ತ್ರ ಓದಲು ಕಾಲೇಜಿನಲ್ಲಿ ಸೀಟು ಸಿಕ್ಕಿತು. ತಂದೆಯ ಕಡೆಯಲ್ಲಾಗಲಿ ತಾಯಿಯ ಕಡೆಯಲ್ಲಾಗಲಿ ಅದುವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ತರಗತಿಗಳು ಆರಂಭವಾಗಲು ಏಳು ವಾರಗಳಿರುವಾಗ ಕಾಲೇಜಿನಿಂದ ಒಂದು ಪತ್ರ ಬಂತು. ಪ್ರತಿಯೊಬ್ಬ ವಿದ್ಯಾರ್ಥಿಯ ಬಳಿ ಸ್ವಂತ ಲ್ಯಾಪ್‌ಟಾಪ್ ಇರತಕ್ಕದ್ದು. ಅದು ಎಂಥದ್ದಿರಬೇಕೆಂಬ ಪಟ್ಟಿಯನ್ನು ತರಗತಿಗಳು ಆರಂಭವಾದ ಬಳಿಕ ಕೊಡಲಾಗುವುದು. ಅಲ್ಲಿಯವರೆಗೆ ಕಾಲೇಜಿನ ಕಂಪ್ಯೂಟರ್ ಕೋಣೆಯನ್ನು ಬಳಸಬಹುದು.

ಬೇಕು ಎನ್ನುವುದೂ ಅದೇ ಪತ್ರ, ತಾಳಿರಿ ಎನ್ನುವುದೂ ಅದೇ ಪತ್ರ. ಆ ಮನೆಯ ಶಕ್ತಿ ಒಂದು ಸಲ ಕೊಳ್ಳುವಷ್ಟೇ. ಈಗ ಕೊಂಡು, ಪಟ್ಟಿಯಲ್ಲಿ ಬೇರೆಯದೇ ಬಂದರೆ ಮಗಳು ಆ ತಪ್ಪನ್ನು ಓದು ಮುಗಿಯುವವರೆಗೆ ಹೆಗಲ ಮೇಲೆ ಹೊರಬೇಕು. ಕಾದರೆ, ಮೊದಲ ವಾರಗಳಲ್ಲಿ ಎಲ್ಲರ ಮಡಿಲಲ್ಲೂ ಇರುವುದು ಅವಳ ಮಡಿಲಲ್ಲಿ ಇರುವುದಿಲ್ಲ.

“ನಿನಗೇನು ಅನ್ಸುತ್ತೆ ಪುಟ್ಟಿ?” ಎಂದು ತಾಯಿ ಕೇಳಿದಳು.

“ಅಪ್ಪ ಹೇಳಿದ ಹಾಗೆ” ಎಂದಳು ಮಗಳು.

ಅಪ್ಪ ಹೇಳಿದ್ದು ಏನೆಂದು ನೀವು ಊಹಿಸಬಲ್ಲಿರಿ.

ಆದರೂ ತಾಯಿಯ ಒತ್ತಾಯಕ್ಕೆ ಮೂವರೂ ಒಂದು ಮಧ್ಯಾಹ್ನ ದೊಡ್ಡ ಬೀದಿಯ ಅಂಗಡಿಗೆ ಹೋದರು. ಸಾಲುಸಾಲಾಗಿ ಬಾಯಿ ತೆರೆದು ಕುಳಿತ ಯಂತ್ರಗಳ ನಡುವೆ ಮಾರಾಟದ ಹುಡುಗಿಯೊಬ್ಬಳು ಚುರುಕಾಗಿ ಎದುರು ಬಂದಳು.

“ಇದು ವಿದ್ಯಾರ್ಥಿಗಳಿಗೆ ಅಂತಾನೇ ಬಂದಿರೋದು ಸರ್. ಈ ದರ ತಿಂಗಳ ಕೊನೆವರೆಗೆ ಮಾತ್ರ. ಜೊತೆಗೆ ಚೀಲ ಉಚಿತ.”

ಮಾಸ್ಟರು ಯಂತ್ರವನ್ನು ಬಿಟ್ಟು ಚೀಲವನ್ನು ಕೈಗೆತ್ತಿಕೊಂಡರು. ಒಳಗನ್ನು ಹೊರಗೆ ಮಾಡಿದರು. ಹಿಡಿಯನ್ನು ಎಳೆದು ನೋಡಿದರು. ಅಸ್ತರಿನೊಳಗೆ ಬೆರಳಿಟ್ಟು ಸಡಿಲವಾದ ಒಂದು ದಾರವನ್ನು ಹೊರಗೆಳೆದು ಬೆಳಕಿಗೆ ಹಿಡಿದರು.

“ಇದನ್ನ ಹೊಲಿದೋರು ಯಾರಮ್ಮ?”

“ಗೊತ್ತಿಲ್ಲ ಸರ್, ಕಂಪನಿಯಿಂದ ಬರುತ್ತೆ.”

“ಇಂಚಿಗೆ ಐದೇ ಹೊಲಿಗೆ. ಹಿಡಿ ಕೂಡಿಸೋ ಜಾಗದಲ್ಲಿ ಎರಡನೇ ಸಲ ಹೊಲೀಬೇಕಲ್ವಾ? ಹೊಲಿದಿಲ್ಲ. ಭಾರ ಹೊರೋ ಜಾಗಾನೇ ಬಿಟ್ಟಿದ್ದಾರೆ.”

“ಸರ್, ಲ್ಯಾಪ್‌ಟಾಪ್ ನೋಡಿ.”

“ನೋಡ್ತೀನಿ ಇರು ತಾಯಿ. ಹೊದಿಕೆನೇ ಹೀಗಿದ್ರೆ ಒಳಗಿರೋದು ಹೇಗೋ.”

“ಅವರು ಹಾಗೇನೇ ಕಣಮ್ಮ. ನನ್ನನ್ನ ನೋಡೋಕೆ ಬಂದ ದಿವಸ ನನ್ನ ರವಿಕೆ ತೋಳಿನ ಹೊಲಿಗೆ ನೋಡ್ಕೊಂಡು ಹೋದೋರು. ಮುಖ ನೋಡಿದ್ದು ಮದುವೆ ದಿನ” ಎಂದಳು ಹೆಂಡತಿ.

ಹುಡುಗಿ ನಗು ತಡೆದುಕೊಂಡಳು. ಮಗಳು ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೆಳಗುತ್ತಿದ್ದ ಪರದೆಯನ್ನು ದೂರದಿಂದ ನೋಡುತ್ತ ನಿಂತಿದ್ದಳು. “ಮುಟ್ಟಿ ನೋಡಿ, ಏನೂ ಆಗಲ್ಲ” ಎಂದು ಮಾರಾಟದ ಹುಡುಗಿ ಕರೆದರೂ “ಪರವಾಗಿಲ್ಲ” ಎಂದಳೇ ಹೊರತು ಕೈ ಬಿಚ್ಚಲಿಲ್ಲ. ತಂದೆಗೆ ಅದು ಕಾಣಲಿಲ್ಲ. ಅವರು ಅಳತೆ ಕೇಳುತ್ತಿದ್ದರು. ಹುಡುಗಿ “ಹದಿನೈದೂವರೆ ಇಂಚಿನದು ಸರ್, ಎಲ್ಲರೂ ಅದನ್ನೇ ತಗೊಳ್ಳೋದು” ಎಂದಳು. ಆ ಅಳತೆಯನ್ನು ಮನಸ್ಸಿಗೂ ಯಂತ್ರದ ಚಿತ್ರವಿದ್ದ ಒಂದು ಹಾಳೆಯನ್ನು ಜೇಬಿಗೂ ಸೇರಿಸಿಕೊಂಡು ಮಾಸ್ಟರು “ನಾಳೆ ಬರ್ತೀವಿ” ಎಂದರು.

ಅಂದಿನಿಂದ ಮನೆಯಲ್ಲಿ ಗಾದೆಗಳ ಕಾಳಗ ಆರಂಭವಾಯಿತು.

“ತಾಳಿದವನು ಬಾಳಿಯಾನು ಕಣೇ.”

“ಗಾಳಿ ಬಂದಾಗ ತೂರಿಕೋ ಅಂತಾನೂ ಹಿರಿಯರೇ ಹೇಳಿರೋದು.”

“ಆತುರಗಾರನಿಗೆ ಬುದ್ಧಿ ಮಟ್ಟ.”

“ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ ಅಂತಾನೂ ಒಂದಿದೆ. ಅದು ಯಾರಿಗೆ ಹೇಳಿದ್ದೋ ನಾನು ಹೇಳಲ್ಲ.”

ಹೆಂಡತಿಯ ಕೆಲಸ ಕಾಜ ಹಾಕುವುದು, ಗುಂಡಿ ಹಚ್ಚುವುದು. ಪ್ರತಿ ಗಾದೆಗೂ ಒಂದು ದಾರ ಕಡಿಯುತ್ತಿದ್ದಳು. ಮಾಸ್ಟರು ಪಕ್ಕದ ಗಡಿಯಾರ ರಿಪೇರಿಯವರ ಅಭಿಪ್ರಾಯ ಕೇಳಿದರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಅವರು ಹೇಳಿದರು: “ಎರಡು ತಿಂಗಳು ತಡೀರಿ ಮಾಸ್ಟ್ರೇ. ಹೊಸ ಮಾದರಿ ಬರುತ್ತೆ, ಹಳೇದರ ಬೆಲೆ ಇಳಿಯುತ್ತೆ. ಕಾಲ ಕಳೆದ ಹಾಗೆ ಎಲ್ಲದರ ಬೆಲೆನೂ ಇಳಿಯುತ್ತೆ. ನನ್ನನ್ನೇ ನೋಡಿ.” ಕೋಟಿಗೆ ಅಳತೆ ಕೊಡಲು ಬಂದ ಬ್ಯಾಂಕಿನ ಗುಮಾಸ್ತ ಈಗಲೇ ಕೊಳ್ಳಿ ಎಂದ. ಔಷಧಿ ಅಂಗಡಿಯಾತ ಕೊಳ್ಳುವುದಾದರೆ ಅತಿ ದೊಡ್ಡದನ್ನೇ ಕೊಳ್ಳಿ ಎಂದ. ಮಾಸ್ಟರು ಎಲ್ಲರ ಮಾತನ್ನೂ ಶ್ರದ್ಧೆಯಿಂದ ಕೇಳಿದರು. ಬೆಳಗಿನ ಪ್ರಾರ್ಥನೆಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ಕುಳಿತರು.

“ಏನಂದ ದೇವರು?” ಎಂದು ಹೆಂಡತಿ ಕೇಳಿದಳು.

“ಇನ್ನೂ ಏನೂ ಹೇಳಿಲ್ಲ.”

“ಅವನೂ ನಿಮ್ಮ ಹತ್ರ ಕೋಟು ಹೊಲಿಸ್ಕೊಂಡಿರ್ಬೇಕು. ನಾಳೆ ಹೇಳ್ತಾನೆ.”

ಹೀಗೆ ಎರಡು ವಾರ ಕಳೆಯಿತು. ಮೂರನೆಯ ವಾರದಲ್ಲಿ ಮಾಸ್ಟರು ತಮ್ಮ ಕೈಯಿಂದ ಆಗಬಲ್ಲ ಒಂದೇ ಕೆಲಸವನ್ನು ಮಾಡಿದರು: ಚೀಲ ಹೊಲಿಯಲು ಕುಳಿತರು. ಹೊರಗೆ ಗಟ್ಟಿ ಕ್ಯಾನ್ವಾಸು. ಒಳಗೆ ಕೋಟಿನ ಅಸ್ತರಿಗೆಂದು ಎತ್ತಿಟ್ಟಿದ್ದ ನುಣುಪು ಬಟ್ಟೆ. ನಡುವೆ ಹತ್ತಿಯ ಮೆತ್ತೆ. ಅಗಲ ಹದಿನೈದೂವರೆ. ಎತ್ತರವನ್ನು ಯಾರೂ ಹೇಳಿರಲಿಲ್ಲವಾದ್ದರಿಂದ ಹಾಳೆಯ ಚಿತ್ರಕ್ಕೆ ಟೇಪು ಹಿಡಿದು, ಅಗಲಕ್ಕೆ ಎತ್ತರ ಎಷ್ಟು ಪಾಲು ಎಂದು ಲೆಕ್ಕ ಹಾಕಿದರು. ಅದರ ಮೇಲೆ, ಕೋಟಿಗೆ ಬಿಡುವಂತೆ, ಎಲ್ಲ ಕಡೆಯೂ ಒಂದಿಷ್ಟು ಸಡಿಲ ಬಿಟ್ಟರು. ಹಿಡಿಗೆ ಒಂದಲ್ಲ, ಮೂರು ಸಲ ಹೊಲಿಗೆ ಹಾಕಿದರು.

ಹೆಂಡತಿ ಸೂಜಿ ಕೆಳಗಿಟ್ಟು ನೋಡಿದಳು. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದರು ಅಂತ ಕೇಳಿದ್ದೆ. ಹೊಲಿಯೋರನ್ನ ಕಣ್ಣಾರೆ ನೋಡಿದ್ದು ಇವತ್ತೇ.”

“ಕುಲಾವಿ ಇದ್ರೆ ಕೂಸು ಎಂದಾದ್ರೂ ಬರುತ್ತೆ” ಎಂದರು ಮಾಸ್ಟರು.

ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ಮೂವರೂ ಮತ್ತೆ ಆ ಅಂಗಡಿಗೆ ಹೋದರು. ಕೊಳ್ಳಲಿಕ್ಕಲ್ಲ, ಟ್ರಯಲ್ ನೋಡಲಿಕ್ಕೆ. ಚೀಲ ಸರಿಯಾಗಿ ಕುಳಿತರೆ ಮುಂದಿನ ಮಾತು ಎಂಬುದು ಮಾಸ್ಟರ ನಿಲುವು. ಮಾರಾಟದ ಹುಡುಗಿ ಚೀಲವನ್ನು ಕಂಡು ನಿಜಕ್ಕೂ ಬೆರಗಾದಳು. ಅಂಗಡಿಯ ಇತರರನ್ನೂ ಕರೆದು ತೋರಿಸಿದಳು. ಬಳಿಕ ಹದಿನೈದೂವರೆ ಇಂಚಿನ ಯಂತ್ರವನ್ನು ತಂದು ಎಲ್ಲರ ಎದುರು ಒಳಗೆ ಇಳಿಸಿದಳು. ಯಂತ್ರ ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಚೀಲದೊಳಗೆ ಮುಳುಗಿಹೋಯಿತು. ಅಲುಗಿಸಿದರೆ ಈ ಬದಿಯಿಂದ ಆ ಬದಿಗೆ ಜಾರಿತು.

ಎಲ್ಲರೂ ಚೀಲದ ಬಾಯಿಯೊಳಗೆ ಇಣುಕಿದರು.

“ಇನ್ನೊಂದು ವರ್ಷಕ್ಕೆ ಬೆಳೆದು ಸರಿಹೋಗುತ್ತೆ ಬಿಡಿ” ಎಂದಳು ಹೆಂಡತಿ.

ಅಂಗಡಿಯೆಲ್ಲ ನಕ್ಕಿತು. ಮಾಸ್ಟರು ಕೊರಳಲ್ಲಿದ್ದ ಟೇಪನ್ನು ತೆಗೆದು ಯಂತ್ರದ ಅಗಲಕ್ಕೆ ಹಿಡಿದರು. ಹದಿನಾಲ್ಕು. ಮತ್ತೊಮ್ಮೆ ಹಿಡಿದರು. ಹದಿನಾಲ್ಕೇ.

“ಹದಿನೈದೂವರೆ ಅಂದೆಯಲ್ಲಮ್ಮ?”

“ಅದು ಅಗಲ ಅಲ್ಲ ಸರ್. ಪರದೇನ ಮೂಲೆಯಿಂದ ಮೂಲೆಗೆ ಅಳೀತಾರೆ. ಹೀಗೆ, ಓರೆಯಾಗಿ.”

“ಓರೆಯಾಗಿ” ಎಂದು ಮಾಸ್ಟರು ನಿಧಾನವಾಗಿ ನುಡಿದರು. “ಎಡ ಹೆಗಲಿಂದ ಬಲ ಸೊಂಟಕ್ಕೆ ಅಳೆದು ಇದು ನಿನ್ನ ಎತ್ತರ ಅಂದ ಹಾಗೆ. ಇದನ್ನ ಶುರುಮಾಡಿದ ದರ್ಜಿ ಯಾರೋ, ಅವನ ಕೈಲಿ ಒಂದು ಕೋಟು ಹೊಲಿಸಿ ನೋಡ್ಬೇಕು.”

ಅವರೂ ನಕ್ಕರು. ನಲವತ್ತು ವರ್ಷ ಟೇಪು ಹಿಡಿದ ಮನುಷ್ಯ ಅಷ್ಟು ಜನರೆದುರು ತನ್ನ ತಪ್ಪಿಗೆ ತಾನೇ ನಗಬಲ್ಲನೆಂದರೆ ಅದು ದೇವರ ದೊಡ್ಡ ವರ. ಆದರೆ ಮನೆಗೆ ಮರಳುವ ದಾರಿಯಲ್ಲಿ ಆ ನಗು ಇಳಿಯಿತು. ಅವರನ್ನು ಚುಚ್ಚಿದ್ದು ಚೀಲ ದೊಡ್ಡದಾದದ್ದಲ್ಲ. ಅದನ್ನು ಎರಡು ಬದಿಯಲ್ಲಿ ಹಿಡಿದು ಹೊಲಿದರೆ ಮುಗಿಯಿತು. ಎದುರಿಗೆ ಇಲ್ಲದ್ದಕ್ಕೆ, ಬೇರೆಯವರ ಬಾಯಿಂದ ಕೇಳಿದ ಅಳತೆಗೆ ಕತ್ತರಿ ಹಾಕಿದೆನಲ್ಲ ಎಂಬುದು ಚುಚ್ಚಿತು. ಆ ಮುಳ್ಳು ಇನ್ನಷ್ಟು ಆಳಕ್ಕೆ ಇಳಿಯಿತು. ಗಡಿಯಾರದವರನ್ನು ಕೇಳಿದೆ, ಗುಮಾಸ್ತನನ್ನು ಕೇಳಿದೆ, ಔಷಧಿ ಅಂಗಡಿಯವನನ್ನು ಕೇಳಿದೆ. ತೊಡುವವಳನ್ನು ಎದುರಿಗೆ ನಿಲ್ಲಿಸಿಕೊಂಡು ಒಂದು ದಿನವೂ ಕೇಳಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಓದುವವರು ಕ್ಷಮಿಸಬೇಕು. ತಾಳ್ಮೆ ದೇವರಿಗೆ ಪ್ರಿಯವಾದ ಗುಣ, ನಿಜ. ಆದರೆ ಭಯವೂ ಒಮ್ಮೊಮ್ಮೆ ತಾಳ್ಮೆಯ ಅಂಗಿಯನ್ನೇ ತೊಟ್ಟು ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿರುತ್ತದೆ. ನಾವು ಅದಕ್ಕೆ ನೀರು ಕೊಟ್ಟು, ಮಣೆ ಹಾಕಿ, ದೊಡ್ಡ ಸದ್ಗುಣವೇ ಮನೆಗೆ ಬಂದಿದೆಯೆಂದು ಬೀಗುತ್ತೇವೆ. ಬಟ್ಟೆ ಇಳಿಯಲೆಂದು ಕಾಯುವವನು ದಿನಕ್ಕೆ ಹತ್ತು ಸಲ ಅದನ್ನು ಎತ್ತಿ ನೋಡುತ್ತಾನೆ. ತಪ್ಪಾದೀತೆಂದು ಕಾಯುವವನು ಆ ಕಡೆ ಮುಖವನ್ನೇ ಹಾಕುವುದಿಲ್ಲ. ಮಾಸ್ಟರು ಮೂರು ವಾರ ಮಗಳ ಮುಖ ನೋಡಿರಲಿಲ್ಲ. ಸಹೋದರರೇ, ಸಹೋದರಿಯರೇ, ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ?

ತಮ್ಮ ಅಂಗಡಿಯ ಬಾಗಿಲು ತೆರೆಯುತ್ತಲೇ ಮಾಸ್ಟರು ಸ್ಟೂಲನ್ನು ಮೇಜಿನ ಮುಂದೆ ಎಳೆದು ಹಾಕಿದರು.

“ಕೂತ್ಕೋ ತಾಯಿ.”

“ನಂಗೆ ಬಟ್ಟೆ ಇದೆ ಅಪ್ಪ.”

“ಬಟ್ಟೆಗಲ್ಲ. ಕೂತ್ಕೋ.”

ಅವರು ಅಳತೆ ಪುಸ್ತಕ ತೆರೆದು, ಹೊಸ ಪುಟ ತಿರುಗಿಸಿ, ಪೆನ್ಸಿಲು ಹಿಡಿದರು. ಕೋಟು ಹೊಲಿಸಲು ಬಂದ ಅಪರಿಚಿತರನ್ನು ಕೇಳುವ ಕ್ರಮದಲ್ಲೇ ಒಂದೊಂದಾಗಿ ಕೇಳತೊಡಗಿದರು.

“ಇದನ್ನ ಎಲ್ಲಿಗೆಲ್ಲ ಹೊತ್ಕೊಂಡು ಹೋಗ್ತೀರಿ?”

ಅಪ್ಪ ತನ್ನನ್ನು ಬಹುವಚನದಲ್ಲಿ ಕರೆದದ್ದಕ್ಕೆ ಮಗಳಿಗೆ ನಗು ಬಂತು. “ಎರಡು ಬಸ್ಸು ಬದಲಾಯಿಸಿ ಕಾಲೇಜಿಗೆ. ಮತ್ತೆ ಮನೆಗೆ.”

“ಕೂತು ಕೆಲಸವೋ, ನಿಂತು ಕೆಲಸವೋ?”

“ಕೂತು. ಬಸ್ಸಲ್ಲಿ ಮಾತ್ರ ನಿಂತು.”

“ಹಾಗಾದ್ರೆ ಹಗುರ ಇರ್ಬೇಕು” ಎಂದು ಬರೆದುಕೊಂಡರು. “ಈಗಿರೋದು ಎಲ್ಲಿ ಹಿಡಿಯುತ್ತೆ?”

ಇದು ಅವರು ಪ್ರತಿಯೊಬ್ಬ ಗಿರಾಕಿಯನ್ನೂ ಕೇಳುವ ಪ್ರಶ್ನೆ. ಕಂಕುಳಲ್ಲಿ ಹಿಡಿಯುತ್ತದೆ, ಕತ್ತಿನಲ್ಲಿ ಹಿಡಿಯುತ್ತದೆ ಎಂದು ಜನ ಹೇಳುತ್ತಾರೆ. ಮಗಳು ಮೇಜಿನ ಮೇಲಿದ್ದ ಸೀಮೆಸುಣ್ಣದ ಚೂರೊಂದನ್ನು ಎತ್ತಿಕೊಂಡಳು. ಆಮೇಲೆ, “ನಂಗೆ ಅದು ಮುಟ್ಟೋಕೇ ಬರಲ್ಲ, ಅಪ್ಪ” ಎಂದಳು.

“ಏನು ಮುಟ್ಟೋಕೆ?”

“ಕಂಪ್ಯೂಟರು. ಸ್ಕೂಲಲ್ಲಿ ಐದು ಜನಕ್ಕೆ ಒಂದಿತ್ತು. ಮುಂದೆ ಕೂತೋರು ಒತ್ತೋರು, ನಾನು ಹಿಂದೆ ನಿಂತು ನೋಟ್ಸ್ ಬರ್ಕೊಳ್ತಿದ್ದೆ. ಪರೀಕ್ಷೇಲಿ ಅದರ ಬಗ್ಗೆ ಬರೆದು ಒಳ್ಳೆ ಅಂಕ ಬಂತು. ಒಂದು ಸಲಾನೂ ನಾನೇ ಕೂತು ಆನ್ ಮಾಡಿಲ್ಲ. ಕಾಲೇಜಿಗೆ ಸೇರೋ ದಿನ ಅಲ್ಲಿ ಒಬ್ಬರು, ಈ ಅರ್ಜೀನ ಇದರಲ್ಲೇ ತುಂಬಿಸು ಅಂತ ಯಂತ್ರದ ಮುಂದೆ ಕೂರಿಸಿದ್ರು. ಎಲ್ಲರೂ ಸಾಲಾಗಿ ನಿಂತಿದ್ರು. ನಾನು, ಕನ್ನಡಕ ಮರೆತು ಬಂದಿದ್ದೀನಿ ಅಂದೆ. ಪಕ್ಕದ ಹುಡುಗಿ ತುಂಬಿಸಿಕೊಟ್ಳು.”

ಪರದೆಯ ಆಚೆಯಿಂದ ತಾಯಿ ತಲೆ ಹೊರಹಾಕಿದಳು. “ಕನ್ನಡಕ? ನಮ್ಮ ವಂಶದಲ್ಲೇ ಯಾರಿಗೂ ಕನ್ನಡಕ ಇಲ್ಲ.”

“ಅದಕ್ಕೇ ನಾನು ಮನೇಲಿ ಹೇಳ್ಲಿಲ್ಲ.”

ಮಾಸ್ಟರು ಪೆನ್ಸಿಲನ್ನು ಪುಸ್ತಕದ ಮೇಲೆ ಅಡ್ಡವಾಗಿ ಇಟ್ಟರು. ಸುಳ್ಳಾಡಿದ್ದಕ್ಕೆ ಗದರಬೇಕಾದ ತಂದೆಯೇ. ಆದರೆ ಆ ಸುಳ್ಳಿನ ಹಿಂದೆ ಒಬ್ಬಳೇ ನಿಂತಿದ್ದ ಮಗುವನ್ನು ಕಂಡ ಮೇಲೆ ಅವರ ಬಾಯಿಂದ ಗದರಿಕೆ ಹೊರಡಲಿಲ್ಲ.

“ಹಾಗಾದ್ರೆ ನಿನಗೆ ಎಂಥದ್ದು ಬೇಕು, ಕಂದ?”

“ದೊಡ್ಡದು ಬೇಡ. ವೇಗದ್ದೂ ಬೇಡ. ಪಟ್ಟೀಲಿ ಏನಿರುತ್ತೋ ನಂಗೊತ್ತಿಲ್ಲ.” ಅವಳು ಕೈಯಲ್ಲಿದ್ದ ಸೀಮೆಸುಣ್ಣದ ಚೂರನ್ನು ಪುಡಿಮಾಡುತ್ತಿದ್ದಳು. “ಯಾರೂ ನೋಡದೇ ಇರೋವಾಗ ತಪ್ಪು ಮಾಡೋಕೆ ಒಂದು ಬೇಕು, ಅಷ್ಟೇ. ಕಾಲೇಜು ಶುರುವಾಗೋಕೆ ಮುಂಚೆ. ಅಲ್ಲಿ ಹೋಗಿ ಎಲ್ಲರ ಮುಂದೆ ಕಲಿಯೋಕೆ ಕೂತ್ರೆ ಒಂದು ವಾರಕ್ಕೆ ವಾಪಸ್ ಬಂದುಬಿಡ್ತೀನಿ ಅಂತ ಭಯ.”

“ಇದನ್ನ ಮೊದಲೇ ಹೇಳ್ಬಾರ್ದಿತ್ತಾ?” ಎಂದಳು ತಾಯಿ.

“ನೀವಿಬ್ಬರೂ ಗಾದೆ ಹೇಳ್ತಿದ್ರಲ್ಲ, ಸಂದು ಸಿಗ್ಲಿಲ್ಲ.”

ಮಾಸ್ಟರು ಪುಸ್ತಕ ಮುಚ್ಚಿದರು. ಮುಚ್ಚುವ ಮುನ್ನ ಆ ಪುಟದಲ್ಲಿ ಬರೆದದ್ದು ಎರಡೇ ಸಾಲು: ಹಗುರ ಇರಬೇಕು. ಬೇಗ ಬೇಕು. ನಂತರ ಎದ್ದು, ಬಾಗಿಲ ಬಳಿಯಿದ್ದ ಚಪ್ಪಲಿಗೆ ಕಾಲು ತೂರಿಸಿದರು.

“ಎಲ್ಲಿಗೆ ಹೊರಟ್ರಿ?” ಎಂದಳು ಹೆಂಡತಿ.

“ಅಂಗಡಿಗೆ.”

“ಈಗಷ್ಟೇ ಅಲ್ಲಿಂದ ಬಂದ್ವಲ್ಲ.”

“ಬಂದ್ವಿ. ಮತ್ತೆ ಹೋಗೋಣ. ಮುಚ್ಚೋಕೆ ಇನ್ನೂ ಒಂದೂವರೆ ಗಂಟೆ ಇದೆ.”

ಹೆಂಡತಿ ಗಂಡನ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ. ಮಗಳನ್ನು ಮುಂದೆ ಬಿಟ್ಟುಕೊಂಡು ಅವಳೂ ಹೊರಟಳು.

ಅವರು ಕೊಂಡದ್ದು ಎಲ್ಲರೂ ಕೊಳ್ಳುವ ಹದಿನೈದೂವರೆಯದಲ್ಲ. ಅದಕ್ಕಿಂತ ಚಿಕ್ಕದು, ಹಗುರವಾದದ್ದು, ಹೆಚ್ಚು ಆಡಂಬರವಿಲ್ಲದ್ದು. ಪಟ್ಟಿ ಬೇರೆ ಬಂದರೆ ಏನು ಮಾಡುತ್ತೀರೆಂದು ಮಾರಾಟದ ಹುಡುಗಿಯೇ ಪ್ರಾಮಾಣಿಕವಾಗಿ ಕೇಳಿದಳು. “ಪಟ್ಟಿ ಕಾಲೇಜಿನ ಅಳತೆ ಅಮ್ಮ, ಇದು ಇವಳ ಅಳತೆ” ಎಂದರು ಮಾಸ್ಟರು. ಉಚಿತ ಚೀಲವನ್ನು ಕೈಮುಗಿದು ಅಲ್ಲೇ ಬಿಟ್ಟರು. ತಮ್ಮ ಚೀಲವನ್ನು ಮಾರನೆಯ ಬೆಳಗ್ಗೆ ಬಿಚ್ಚಿ, ಯಂತ್ರವನ್ನು ಎದುರಿಗಿಟ್ಟುಕೊಂಡು, ಮತ್ತೆ ಕತ್ತರಿಸಿ ಹೊಲಿದರು. ಈ ಬಾರಿ ಕೈಗವಸಿನಂತೆ ಕುಳಿತಿತು.

ಉಳಿದ ವಾರಗಳಲ್ಲಿ ಕತ್ತರಿಸುವ ಮೇಜು ಎರಡು ಪಾಲಾಯಿತು. ಒಂದು ತುದಿಯಲ್ಲಿ ಬಟ್ಟೆ, ಇನ್ನೊಂದು ತುದಿಯಲ್ಲಿ ಮಗಳು. ಮೊದಮೊದಲು ಯಾರಾದರೂ ಗಿರಾಕಿ ಒಳಗೆ ಬಂದರೆ ಅವಳು ಒಂದು ತುಂಡು ಅಸ್ತರನ್ನು ಯಂತ್ರದ ಮೇಲೆ ಹೊದಿಸಿಬಿಡುತ್ತಿದ್ದಳು. ಮಾಸ್ಟರು ಇದನ್ನು ಗಮನಿಸಿ, ಏನೂ ಹೇಳದೆ, ತಮ್ಮ ಹೊಲಿಗೆ ಯಂತ್ರವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ದಿನವಿಡೀ ಅವಳಿಗೆ ಬೆನ್ನು ಹಾಕಿ ಕುಳಿತರು. ನಲವತ್ತು ವರ್ಷ ಬೀದಿ ನೋಡುತ್ತ ಹೊಲಿದ ಮನುಷ್ಯ ಸುಣ್ಣದ ಗೋಡೆ ನೋಡುತ್ತ ಹೊಲಿದರು. ಪ್ರೀತಿಗೆ ಇಂಥ ಬೆನ್ನೂ ಇರುತ್ತದೆಂದು ತಿಳಿಯದವರು ನನ್ನ ಮಾತನ್ನು ಒಮ್ಮೆ ಮನಸ್ಸಿಟ್ಟು ಯೋಚಿಸಲಿ.

ಅವಳು ತಪ್ಪುಗಳನ್ನು ಮಾಡಿದಳು, ಮನಸಾರೆ. ಬರೆದದ್ದೆಲ್ಲ ಮಾಯವಾಯಿತು, ಮೂರು ದಿನದ ಮೇಲೆ ಬೇರೆಲ್ಲೋ ಸಿಕ್ಕಿತು. ಒಂದು ಮಧ್ಯಾಹ್ನ ಏನನ್ನೋ ಒತ್ತಿ ಪರದೆಯೇ ತಲೆಕೆಳಗಾಯಿತು. ಮೂವರೂ ಕತ್ತು ವಾಲಿಸಿ ನೋಡಿದರು. “ಯಂತ್ರಾನ ತಲೆಕೆಳಗು ಮಾಡಿದ್ರೆ ಸರಿಹೋಗಲ್ವೇ?” ಎಂದು ತಾಯಿ ಕೇಳಿದಳು. ಹಾಗೆಯೇ ಮಾಡಿದರು, ಓದಲು ಬಂತು, ಒತ್ತಲು ಬರಲಿಲ್ಲ. ಒಂದು ಗಂಟೆಯ ಮೇಲೆ ಮಗಳು ತಾನೇ ಅದನ್ನು ನೆಟ್ಟಗೆ ಮಾಡಿದಳು. ಆ ದಿನದ ನಂತರ ಗಿರಾಕಿ ಬಂದಾಗ ಅಸ್ತರು ಹೊದಿಸುವುದನ್ನು ಬಿಟ್ಟಳು.

ಮುಂದೆ ಅವಳು ಅಪ್ಪನ ಹಳೆಯ ಅಳತೆ ಪುಸ್ತಕಗಳನ್ನು ಕೇಳಿ ಪಡೆದು, ಶಾಲಾ ಸಮವಸ್ತ್ರ ಹೊಲಿಸಿದ ಮಕ್ಕಳ ಅಳತೆಗಳನ್ನು ವರ್ಷವರ್ಷವಾಗಿ ಯಂತ್ರಕ್ಕೆ ಏರಿಸತೊಡಗಿದಳು. ಒಂದು ದಿನ, “ಅಪ್ಪ, ಹನ್ನೊಂದು ದಾಟಿದ ಮಕ್ಕಳಿಗೆ ಎದೆಗಿಂತ ಮೊದಲು ತೋಳು ಬೆಳೆಯುತ್ತೆ. ನಿಮ್ಮ ಪುಸ್ತಕದಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಹಾಗೇ ಇದೆ” ಎಂದಳು.

“ಅದು ನಂಗೆ ಮೊದಲೇ ಗೊತ್ತಿತ್ತಲ್ಲ. ಅದಕ್ಕೇ ತೋಳಲ್ಲಿ ಎರಡಿಂಚು ಒಳಗೆ ಮಡಿಚಿ ಬಿಡೋದು.”

“ಗೊತ್ತಿತ್ತು. ಎಷ್ಟು ಸರಿಯಾಗಿ ಗೊತ್ತಿತ್ತು ಅಂತ ಈಗ ಗೊತ್ತಾಯ್ತು.”

ಮಾಸ್ಟರು, ಮಗಳು ಕರೆದ ಮೇಲೆಯೇ, ಗೋಡೆಯಿಂದ ತಿರುಗಿ ಪರದೆಯನ್ನು ನೋಡಿದರು. ತಮ್ಮ ಕೈ ಇಷ್ಟು ವರ್ಷ ಮಾಡಿದ್ದು ಅಲ್ಲಿ ಒಂದು ಗೆರೆಯಾಗಿ ಮೇಲೇರುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದರು. ಅವಳು ಬಹಳ ಹೊತ್ತು ನೋಡಿ, “ಗೆರೆ ಸೊಟ್ಟಗಿದೆ” ಎಂದಳು. ಆದರೆ ಮಗಳ ತಲೆಯ ಮೇಲೆ ಇಟ್ಟ ಕೈಯನ್ನು ತೆಗೆಯಲಿಲ್ಲ.

ಕಾಲೇಜು ಆರಂಭವಾಗುವ ಹಿಂದಿನ ಸಂಜೆ ಮಗಳು ಚೀಲಕ್ಕೆ ಎಲ್ಲವನ್ನೂ ತುಂಬಿಸುತ್ತಿದ್ದಳು. ಮಾಸ್ಟರು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಬಂದು ನಿಂತರು.

“ಪಟ್ಟೀಲಿ ಬೇರೆ ಇದ್ರೆ, ಅಪ್ಪ?” ಎಂದಳು ಅವಳು, ತಲೆ ಎತ್ತದೆ.

“ಇದ್ರೆ ಇರ್ಲಿ. ಆ ಕೆಲಸಾನ ಕಾಲೇಜಿನ ಕೋಣೇಲಿ ಕೂತು ಮಾಡು. ಈಗ ಅಲ್ಲಿ ಕೂರೋಕೆ ನಾಚಿಕೆ ಇಲ್ವಲ್ಲ?”

ಅವಳು ಈಗ ತಲೆ ಎತ್ತಿದಳು. “ಇಲ್ಲ.”

“ಭಯ?”

“ಭಯ ಇದೆ. ಆದ್ರೆ ಇದಕ್ಕಲ್ಲ” ಎಂದು ಯಂತ್ರದ ಬೆನ್ನು ತಟ್ಟಿದಳು. “ಬಸ್ಸು ತಪ್ಪಿದ್ರೆ, ಪಾಠ ಅರ್ಥ ಆಗ್ದಿದ್ರೆ, ಯಾರೂ ಮಾತಾಡಿಸ್ದಿದ್ರೆ. ಅವಕ್ಕೆಲ್ಲ ಇದೆ.”

ಮಾಸ್ಟರು ಚೀಲದ ಬಾಯಿ ಮುಚ್ಚಿ, ಗುಂಡಿ ಹಾಕಿ, ಮಗಳ ಕೈಗೆ ಕೊಟ್ಟರು.

“ಅಷ್ಟು ಇರ್ಲಿ ಬಿಡು, ತಾಯಿ. ನಮ್ಮ ಪಾಲಿನದನ್ನ ನಾವು ಮಾಡಿದ್ವಿ. ಉಳಿದದ್ದು ದೇವರ ಪಾಲು.”